ಬರ್ತೀನಿ ಅಂದವರು

ಲಾಂಡ್ರಿಗೆ ಬೀಗ ಬಿದ್ದು ಒಂದು ಚಳಿಗಾಲ ಕಳೆಯುತ್ತ ಬಂದಿತ್ತು. ಆರಿದ ಬಾಯ್ಲರಿನ ಹಿಂದಿನ ಸಂದಿಯಲ್ಲಿ ಒಂದು ಬೆಚ್ಚ ಇನ್ನೂ ಉಸಿರಾಡುತ್ತಿತ್ತು.

ಮೂಸಿ ನೆಲದ ಮೇಲೆ ಬೋರಲು ಮಲಗಿ, ಕೆನ್ನೆಯನ್ನು ಇಟ್ಟಿಗೆಗೆ ಒತ್ತಿ, ಸಂದಿಯೊಳಗೆ ಇಣುಕುತ್ತಿದ್ದಳು. ಅಪರೂಪ ಜೀವಿಗಳ ಇಲಾಖೆಯಲ್ಲಿ ಅವಳಿಗೆ ಕೆಲಸ. ಊರಿನ ಗೋಡೆ, ಕೊಳವೆ, ಮಾಡು, ಮೋರಿಗಳಲ್ಲಿ ಮನೆ ಮಾಡಿಕೊಂಡಿರುವ ಮಾಯಾಜೀವಿಗಳನ್ನು ಗುರುತಿಸಬೇಕು, ಅವುಗಳ ನೆಲೆಗೆ ಕುತ್ತು ಬಂದರೆ ಬೇರೆ ನೆಲೆ ಹುಡುಕಿಕೊಡಬೇಕು. ಗೋಡೆಗೆ ಮೂಗು ಹಚ್ಚಿದರೆ ಸಾಕು, ಒಳಗಿರುವುದು ಏನು, ಹೊಟ್ಟೆ ತುಂಬಿದೆಯೋ ಹಸಿದಿದೆಯೋ ಹೇಳಿಬಿಡುತ್ತಿದ್ದಳು. ಆದರೆ ಹೆಸರು ಬಂದದ್ದು ಅದರಿಂದಲ್ಲ. ಇದೇ ಲಾಂಡ್ರಿಯಲ್ಲಿ ಅವಳ ಅಮ್ಮ ಇಸ್ತ್ರಿ ಮಾಡುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಬಂದು ಒಗೆದ ಬಟ್ಟೆಯ ರಾಶಿಗೆ ಮೂಗು ತುರುಕಿ ಕೂರುತ್ತಿದ್ದ ಹುಡುಗಿಗೆ ಅಲ್ಲಿನ ಹೆಂಗಸರು ಇಟ್ಟ ಹೆಸರು ಅದು. ದೊಡ್ಡವಳಾದರೂ ಹೆಸರು ಉದುರಲಿಲ್ಲ.

ಬೆಚ್ಚವೆಂದರೆ ಮಡಚಿಟ್ಟ ಕಂಬಳಿಯಷ್ಟು ದೊಡ್ಡ ಜೀವಿ. ಹಬೆಯಂಥ ಬೂದು ಮೈ. ಮೈ ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಎರಡು ಉದ್ದ ಕಿವಿ, ಬೂದಿ ಮುಚ್ಚಿದ ಕೆಂಡದಂಥ ಎರಡು ಕಣ್ಣು. ಒದ್ದೆಯನ್ನು ಕುಡಿಯುತ್ತದೆ, ಬಿಸುಪನ್ನು ಬಿಡುತ್ತದೆ. ಅದೇ ಅದರ ಊಟ, ಅದೇ ಅದರ ಉಸಿರು. ಬೆಚ್ಚಗಿರುವುದಕ್ಕೆ ಬೆಚ್ಚ ಎಂದು ಕೆಲವರು. ಕತ್ತಲ ಮೂಲೆಯಲ್ಲಿ ಕಾಲಿಗೆ ತಾಗಿ ಬೆಚ್ಚಿಬೀಳಿಸುವುದಕ್ಕೆ ಬೆಚ್ಚ ಎಂದು ಇನ್ನು ಕೆಲವರು. ಲಾಂಡ್ರಿಯ ಹೆಂಗಸರಿಗೆ ಎರಡೂ ಅನುಭವವಾಗಿತ್ತು.

ಒಲೆ ಆರಿದರೆ ಬೆಚ್ಚ ಇನ್ನೊಂದು ಒಲೆ ಹುಡುಕಿಕೊಂಡು ಹೊರಡುತ್ತದೆ. ಹೊರಡದೆ ಕೂತರೆ, ಮುಚ್ಚಳಕ್ಕೆ ತಾಗಿದ ಹಬೆ ನೀರಾಗುವ ಹಾಗೆ ತಾನೂ ನೀರಾಗಿ, ನೆಲದ ಮೇಲೊಂದು ಒದ್ದೆ ಗುರುತಾಗಿ ಮುಗಿದುಹೋಗುತ್ತದೆ.

ಈ ಬೆಚ್ಚ ಹೊರಡುತ್ತಿರಲಿಲ್ಲ. ಕಂಬಳಿಯಷ್ಟಿದ್ದದ್ದು ಕರಗಿ ದಿಂಬಿನಷ್ಟಾಗಿತ್ತು, ದಿಂಬಿನಷ್ಟಿದ್ದದ್ದು ಈಗ ಕೈವಸ್ತ್ರದ ಗಂಟಿನಷ್ಟಾಗಿತ್ತು. ಮೂಸಿ ಬಿಸಿ ಕಲ್ಲುಗಳನ್ನು ಹಾಸಿದ ಬುಟ್ಟಿ ತಂದಿಟ್ಟಳು. ಬುಟ್ಟಿಯೊಳಗೆ ಒದ್ದೆ ಟವೆಲ್ಲು ಇಟ್ಟಳು. ಬೆಚ್ಚ ಬಂದು ಮೂಸಿತು, ಟವೆಲ್ಲಿನ ಒಂದು ತುದಿ ಕುಡಿಯಿತು, ಮತ್ತೆ ಸಂದಿಗೆ ಹೋಯಿತು. ಹಿಡಿದು ತುಂಬೋಣವೆಂದರೆ ಹಬೆಯನ್ನು ಹಿಡಿಯುವವರುಂಟೇ? ಬೆರಳ ಸಂದಿಯಿಂದ ಸೋರಿಹೋಗುತ್ತದೆ. ಅದು ತಾನಾಗಿ ಬುಟ್ಟಿ ಹತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ.

"ಏನಮ್ಮಾ, ಇದೆಯಾ ಇನ್ನೂ?"

ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದ. ಮಾಲೀಕರು ಈ ಜಾಗವನ್ನು ಮಾರಿಯಾಗಿತ್ತು. ಕಟ್ಟಡ ಕೆಡವಿ ಕೊಡುವುದಷ್ಟೇ ಬಾಕಿ. ಆದರೆ ಬೆಚ್ಚವಿರುವ ಗೋಡೆಗೆ ಗುದ್ದಲಿ ಹಾಕುವ ಹಾಗಿಲ್ಲ ಎಂದು ಕಾನೂನು. ಒಂದೋ ಅದನ್ನು ಸುರಕ್ಷಿತವಾಗಿ ಸಾಗಿಸಬೇಕು, ಇಲ್ಲವೇ ಅದು ತಾನಾಗಿ ಇಲ್ಲವಾಗಬೇಕು.

"ಇದೆ ಸಾರ್. ಬಾಯ್ಲರನ್ನ ಸ್ವಲ್ಪ ಹೊತ್ತಿಸಿದ್ರೆ ಚೇತರಿಸ್ಕೊಳ್ಳತ್ತೆ."

"ಬಾಯ್ಲರ್ ಹೊತ್ತಿಸೋಕೆ ಅನುಮತಿ ಬೇಕಮ್ಮ. ಅನುಮತಿ ಸಿಗೋಕೆ ಲಾಂಡ್ರಿ ನಡೀತಿರಬೇಕು. ನಡೀತಿಲ್ವಲ್ಲ."

"ಯಾರು ಸಾರ್ ನಿಲ್ಲಿಸಿದ್ದು?"

"ಪರಿಸ್ಥಿತಿ," ಅಂದ ಮ್ಯಾನೇಜರ್.

ಪರಿಸ್ಥಿತಿಗೆ ಒಂದು ಬೀಗದಕೈ ಗೊಂಚಲಿತ್ತು. ಅದು ಅವನ ಸೊಂಟದಲ್ಲಿ ನೇತಾಡುತ್ತಿತ್ತು.

"ನಮಗೇನೂ ಅವಸರ ಇಲ್ಲಮ್ಮ. ನೀವು ನಿಧಾನಕ್ಕೆ ನೋಡಿ. ನಾವು ಕಾಯ್ತೀವಿ," ಎಂದು ಹೇಳಿ ಅವನು ಹೋದ. ಕಾಯುವುದೆಂದರೆ ಏನೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಚಳಿ ಅವನ ಕೆಲಸ ಮಾಡಿಕೊಡುತ್ತಿತ್ತು, ಕೂಲಿಯಿಲ್ಲದೆ.

ಸಂಜೆ ಮೂಸಿ ಕಲ್ಲುಗಳನ್ನು ಮತ್ತೊಮ್ಮೆ ಬಿಸಿಮಾಡಿ ಸಂದಿಯ ಬಾಯಿಗೆ ಜೋಡಿಸಿದಳು. ಮೊಣಕಾಲಿನ ಬೂದಿ ಒರೆಸಿಕೊಂಡು ಎದ್ದಳು. "ಬರ್ತೀನಿ ಕಣೋ, ಹುಷಾರು," ಎಂದು ದಿನವೂ ಹೇಳುವ ಹಾಗೆ ಹೇಳಿ ಬಾಗಿಲು ಎಳೆದುಕೊಂಡಳು. ಕೆಂಡದ ಕಣ್ಣೆರಡೂ ಅವಳು ಹೋದ ಬಾಗಿಲಿಗೆ ನೆಟ್ಟವು.

*

ಅಮ್ಮ ಮಗಳಿದ್ದದ್ದು ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ. ಮೆಟ್ಟಿಲ ಸದ್ದಿಗೇ ಒಳಗಿನಿಂದ ಕೂಗು ಬರುತ್ತಿತ್ತು.

"ಬಂದ್ಯಾ?"

"ಬಂದೆ."

ಅಷ್ಟಾದರೆ ಅಮ್ಮನಿಗೆ ದಿನ ಮುಗಿದ ಹಾಗೆ. ಲಾಂಡ್ರಿಯಲ್ಲಿ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಆಸ್ಪತ್ರೆಯ ಹಾಸಿಗೆ ಹೊದಿಕೆ, ಹೋಟೆಲಿನ ಮೇಜುಬಟ್ಟೆ, ಊರಿನ ದೊಡ್ಡವರ ಅಂಗಿ, ಎಲ್ಲವೂ ಅವಳ ಕೈಕೆಳಗೆ ಸುಕ್ಕು ಬಿಟ್ಟು ಬಂದವೇ. ಈಗ ಅವಳು ಕಿಟಕಿಯ ಪಕ್ಕ ಕೂತು ಸಿಕ್ಕಿದ್ದನ್ನೆಲ್ಲ ಮಡಚುತ್ತಿದ್ದಳು. ಟವೆಲ್ಲು ಮಡಚುವಳು, ಬಿಡಿಸುವಳು, ಮತ್ತೆ ಮಡಚುವಳು. ಟವೆಲ್ಲು ಮುಗಿದರೆ ಹಳೇ ಪತ್ರಿಕೆ. ಬೀಗ ಬಿದ್ದ ಮೇಲೆ ಅವಳು ಮೆಟ್ಟಿಲು ಇಳಿದಿರಲಿಲ್ಲ. ಯಾವ ಕಡೆ ಹೋಗಬೇಕೆಂದರೂ ಲಾಂಡ್ರಿಯ ಗೇಟು ದಾಟಬೇಕು. ಆ ಗೇಟಿನ ಮುಖ ನೋಡಲ್ಲ ಎಂದು ಹಟ ಹಿಡಿದಿದ್ದಳು.

"ನಿನ್ ಮೈಯೆಲ್ಲ ಬೂದಿ," ಅಂದಳು, ಚಹಾ ಲೋಟ ಮುಂದೆ ಸರಿಸಿ. "ಆ ಹಾಳು ಕಟ್ಟಡದಲ್ಲಿ ಹೊರಳಾಡಿ ಬಂದ್ಯಾ ಇವತ್ತೂ?"

"ಹೂಂ. ಬೆಚ್ಚ ಬುಟ್ಟಿ ಹತ್ತುತ್ತಿಲ್ಲಮ್ಮ."

"ಪುಣ್ಯವಂತ. ಹತ್ತು ಅಂತ ಅದಕ್ಕೆ ಬುಟ್ಟಿ ತರೋರು ಇದಾರೆ, ಕಲ್ಲು ಬಿಸಿ ಮಾಡೋರು ಇದಾರೆ, ಕಾನೂನು ಇದೆ. ನಾವೂ ಒಂದೊಂದು ಬಾಲ ಬೆಳೆಸ್ಕೊಂಡಿದ್ರೆ ನಿಮ್ಮ ಇಲಾಖೆ ನಮ್ಮ ಕಡೆಗೂ ತಿರುಗಿ ನೋಡ್ತಿತ್ತೇನೋ."

ಮೂಸಿ ಚಹಾ ಲೋಟ ಎತ್ತಿಕೊಂಡಳು. ಬೆಚ್ಚವನ್ನು ಹೊರಹಾಕಬೇಕಾದರೆ ಹೀಗೆಹೀಗೆ ಎಂದು ಕಾನೂನು ವಿವರವಾಗಿ ಹೇಳಿತ್ತು. ಇಡೀ ಪಾಳಿಯ ಹೆಂಗಸರನ್ನು ಹೊರಹಾಕಬೇಕಾದರೆ ಏನೂ ಬೇಕಿರಲಿಲ್ಲ, ಒಂದು ಬೀಗ ಸಾಕಿತ್ತು.

"ಬದುಕಲ್ವಾ ಅದು?" ಅಮ್ಮ ಕಿಟಕಿಯ ಕಡೆ ನೋಡುತ್ತ ಕೇಳಿದಳು.

"ಈ ವಾರ ದಾಟೋದು ಕಷ್ಟ."

ಅಮ್ಮ ಕೈಯಲ್ಲಿದ್ದ ಪತ್ರಿಕೆಯನ್ನು ಮಡಚುತ್ತಾ ಮಡಚುತ್ತಾ ಹೋದಳು, ಇನ್ನು ಮಡಚಲಾಗದಷ್ಟು ಚಿಕ್ಕದಾಗುವ ತನಕ.

*

ಮರುದಿನವೂ ಅದೇ ಕತೆ. ಬುಟ್ಟಿ, ಕಲ್ಲು, ಒದ್ದೆ ಟವೆಲ್ಲು. ಬೆಚ್ಚದ ಕಣ್ಣಿನ ಕೆಂಪು ಇನ್ನಷ್ಟು ಮಂಕಾಗಿತ್ತು. ಸಂಜೆ ಮೂಸಿ "ಬರ್ತೀನಿ ಕಣೋ" ಎಂದು ಹೇಳಿ ಹೊರಬಿದ್ದಳು. ಗೇಟಿನ ಪಕ್ಕದ ಕಿರುಬಾಗಿಲ ಹತ್ತಿರ ಬಂದಾಗ ಕೈ ತಣ್ಣಗಾಗಿ, ಕೈಗವಸು ಒಳಗೇ ಬಿಟ್ಟದ್ದು ನೆನಪಾಯಿತು. ತಿರುಗಿ ಹೋದಳು.

ಬಾಗಿಲು ತಳ್ಳಿದರೆ ಬೆಚ್ಚ ಸಂದಿಯಿಂದ ಹೊರಗೆ ಬಂದು ಹೊಸ್ತಿಲ ಎದುರಿಗೇ ಕೂತಿತ್ತು. ಎರಡು ಕಿವಿಯೂ ನೆಟ್ಟಗೆ. ಎಂದೂ ಹೀಗೆ ಬಯಲಲ್ಲಿ ಕೂತದ್ದನ್ನು ಅವಳು ಕಂಡಿರಲಿಲ್ಲ. ಹೊರಟ ಮೇಲೆ ಅವಳೂ ಎಂದೂ ಹೀಗೆ ತಿರುಗಿ ಬಂದಿರಲಿಲ್ಲವಲ್ಲ.

"ಬಂದೆ ಬಂದೆ," ಅಂದಳು, ಗಾಬರಿಯಲ್ಲಿ ಬಾಯಿಗೆ ಬಂದದ್ದು. "ಕೈಗವಸು ಮರೆತೆ ಕಣೋ."

ಬೆಚ್ಚದ ಕಿವಿಗಳು ಇಳಿದವು. ಮೈಯಿಂದ ಒಂದು ಸಣ್ಣ ನಿಟ್ಟುಸಿರು, ಬಿಸಿಯದು, ಅವಳ ಪಾದಕ್ಕೆ ತಾಗಿತು. ಅದು ಎದ್ದು ಮೈ ಮುರಿಯಿತು. ನಡೆದುಕೊಂಡು ಹೋಗಿ ಬುಟ್ಟಿಯ ಅಂಚಿಗೆ ಮುಂಗಾಲಿಟ್ಟಿತು.

ಮೂಸಿ ಉಸಿರು ಹಿಡಿದು ನಿಂತಳು.

ಅರ್ಧ ಮೈ ಬುಟ್ಟಿಯೊಳಗೆ ಇಳಿಸಿದ ಬೆಚ್ಚ ಏನೋ ನೆನಪಾದ ಹಾಗೆ ತಲೆ ತಿರುಗಿಸಿತು. ಗೇಟಿನ ಕಡೆ ನೋಡಿತು. ಕಿವಿಗಳು ಮತ್ತೆ ಮೇಲೆದ್ದವು. ಇಳಿದು, ಸಂದಿಗೆ ಹೋಗಿ, ಗೇಟು ಕಾಣುವ ಬಿರುಕಿನ ಬಳಿ ಕೂತಿತು.

ಮೂಸಿ ಅಲ್ಲೇ ನೆಲದ ಮೇಲೆ ಕೂತಳು. ನಗುವೂ ಬಂತು, ಅಳುವೂ ಬಂತು. ಇಲಾಖೆಯ ಪುಸ್ತಕಗಳಲ್ಲಿ ಬೆಚ್ಚದ ಉಸಿರು, ಬಿಸುಪು, ಊಟ, ನಿದ್ದೆ ಎಲ್ಲದಕ್ಕೂ ಅಧ್ಯಾಯವಿತ್ತು. ಅದು ಎಂಥ ಮಾತಿನ ನಡುವೆ ಬೆಳೆಯುತ್ತದೆ ಎಂಬುದಕ್ಕೆ ಇರಲಿಲ್ಲ. ಈ ನುಡಿಯವರು ಹೋಗುವಾಗ 'ಹೋಗ್ತೀನಿ' ಎನ್ನುವುದಿಲ್ಲ. ಹೋಗುವಾಗ ಹೇಳುವುದು 'ಬರ್ತೀನಿ'. ಬರಲಿ, ಬಾರದಿರಲಿ, ಮಾತು ಮಾತ್ರ ಅದೇ. ಮನುಷ್ಯರಿಗೆ ಅದು ಬರೀ ಮರ್ಯಾದೆ. ಗೋಡೆಯ ಸಂದಿಯಲ್ಲಿ ಕೂತು ತಲೆಮಾರುಗಳಿಂದ ಅದನ್ನೇ ಕೇಳಿದ ಬೆಚ್ಚಕ್ಕೆ ವ್ಯಾಕರಣ ಗೊತ್ತಿರಲಿಲ್ಲ, ಮರ್ಯಾದೆಯೂ ಗೊತ್ತಿರಲಿಲ್ಲ. ಬರ್ತೀನಿ ಅಂದವರು ಬರುತ್ತಾರೆ, ಅಷ್ಟು ಗೊತ್ತಿತ್ತು. ಬೀಗ ಬೀಳುವ ತನಕ ಯಾರೂ ಅದನ್ನು ಸುಳ್ಳು ಮಾಡಿರಲಿಲ್ಲ.

ಹಾಗಾದರೆ ದಿನವೂ ಅದನ್ನು ಇಲ್ಲಿ ಕಟ್ಟಿಹಾಕುತ್ತಿದ್ದವಳು ತಾನೇ. ಹಗಲೆಲ್ಲ ಹೊರಡು ಹೊರಡು ಎಂದು ಗೋಗರೆದು, ಸಂಜೆ ಒಂದು ಮಾತಲ್ಲಿ ಮತ್ತೆ ಗಂಟು ಹಾಕಿ ಹೋಗುತ್ತಿದ್ದಳು.

ಬೆಳಿಗ್ಗೆ ಬಂದಾಗ 'ಬಂದೆ' ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ; ಈಗ ಹೇಳಿದ್ದಕ್ಕೆ ಅವಳ ಗಂಟು ಬಿಚ್ಚಿತ್ತು. ಆದರೆ ಬೆಚ್ಚ ನೋಡಿದ್ದು ಗೇಟಿನ ಕಡೆ. ಮೂಸಿಗೆ ತಾನು ಚಿಕ್ಕವಳಿದ್ದಾಗಿನ ಸಂಜೆಗಳು ಕಿವಿಗೆ ಬಂದವು. ಪಾಳಿ ಮುಗಿದ ಗಂಟೆ ಹೊಡೆಯುತ್ತಲೇ ಹೆಂಗಸರು ಏಪ್ರನ್ ಬಿಚ್ಚಿ ಬಾಯ್ಲರ್ ಕೋಣೆಯ ಮೊಳೆಗಳಿಗೆ ನೇತುಹಾಕುವರು, ಬೆಳಗಾಗುವುದರೊಳಗೆ ಒಣಗಲೆಂದು. ಒಬ್ಬೊಬ್ಬಳೂ ಸಂದಿಯ ಕಡೆ ಬಗ್ಗಿ, 'ಬರ್ತೀನಿ ಕಣೋ ಬೆಚ್ಚ.' 'ಬರ್ತೀನಿ ಮರಿ.' 'ನನ್ನ ಏಪ್ರನ್ ಚೆನ್ನಾಗಿ ಒಣಗಿಸೋ ಸೋಮಾರಿ, ಬರ್ತೀನಿ.' ಬೀಗ ಬೀಳುವ ಹಿಂದಿನ ಸಂಜೆಯೂ ಹಾಗೇ ಹೇಳಿ ಹೋಗಿದ್ದರು. ನಾಳೆ ಗೇಟು ತೆರೆಯುವುದಿಲ್ಲವೆಂದು ಅವರಿಗೆ ಯಾರು ಹೇಳಿದ್ದರು? ಏಪ್ರನ್ನುಗಳು ಇನ್ನೂ ಆ ಮೊಳೆಗಳ ಮೇಲೇ ಇದ್ದವು.

ಮೂಸಿ ಎದ್ದಳು. ಈಗಲಾದರೂ ಸರಿಯಾಗಿ ಹೇಳಿ ಹೋಗಬೇಕು. "ಹೋ..." ಎಂದು ಬಾಯಿ ತೆರೆದಳು. ನಾಲಿಗೆ ಹೊರಳಲಿಲ್ಲ. ಹೆತ್ತವಳಿಗಾಗಲಿ ಹಗೆಯವನಿಗಾಗಲಿ ಆ ಮಾತನ್ನು ಅವಳು ಹೇಳಿದವಳಲ್ಲ. ಕೊನೆಗೆ ಏನೂ ಹೇಳದೆ, ಕಳ್ಳಿಯ ಹಾಗೆ, ಬಾಗಿಲು ಸದ್ದಾಗದಂತೆ ಮುಚ್ಚಿಕೊಂಡು ಹೊರಟಳು.

*

"ಬಂದ್ಯಾ?"

"ಬಂದೆ. ಅಮ್ಮ, ನೀನು ಕೊನೇ ದಿನ ಬೆಚ್ಚಕ್ಕೆ ಏನು ಹೇಳಿ ಬಂದೆ?"

"ಏನು ಹೇಳ್ತಾರೆ? ದಿನಾ ಹೇಳೋದೇ. ಬರ್ತೀನಿ ಅಂದೆ."

"ಅದು ಕಾಯ್ತಾ ಇದೆ."

ಅಮ್ಮನ ಕೈ ನಿಂತಿತು. ಮೂಸಿ ಕೈಗವಸಿನ ಕತೆ ಹೇಳಿದಳು. ಕೇಳುತ್ತ ಕೇಳುತ್ತ ಅಮ್ಮನ ಮುಖ ಕೆಂಪಾಯಿತು. ಅಳುತ್ತಾಳೆಂದುಕೊಂಡರೆ ಅವಳು ರೇಗಿದಳು.

"ನಾನು ಸುಳ್ಳು ಹೇಳಿಲ್ಲ!"

"ಯಾರಂದ್ರಮ್ಮ ನೀನು..."

"ನಾನು ಬಂದಿದ್ದೆ ಕಣೇ. ಬೆಳಿಗ್ಗೆ ಬಂದಿದ್ದೆ. ಎಲ್ಲರೂ ಬಂದಿದ್ವಿ. ಗೇಟ್ ಮುಂದೆ ನಿಂತಿದ್ವಿ. ಊಟದ ಡಬ್ಬಿ ಹಿಡ್ಕೊಂಡು ನಿಂತಿದ್ವಿ. ಕೈ ಮರಗಟ್ಟೋ ತನಕ ಆ ಕಂಬಿ ಅಲ್ಲಾಡಿಸಿದ್ವಿ. ಒಳಗಿದ್ದ ಅದಕ್ಕೆ ಅದು ಕಾಣ್ಲಿಲ್ವಂತಾ?" ಮಡಚುತ್ತಿದ್ದ ಟವೆಲ್ಲನ್ನು ಪಕ್ಕಕ್ಕೆ ಎಸೆದಳು. "ಇಷ್ಟು ದಿನ ಕೆಲಸ ಹೋಯ್ತು ಅಂತ ಉರೀತಿತ್ತು. ನನ್ನ ಮಾತೂ ಕಿತ್ಕೊಂಡ್ರಲ್ಲೇ. ಒಂದು ಮೂಕಜೀವಿ ಮುಂದೆ ನನ್ನನ್ನ ಸುಳ್ಳಿ ಮಾಡಿಬಿಟ್ರಲ್ಲ."

ಮೂಸಿ ಹತ್ತಿರ ಕೂತು ಆ ಕೈಗಳನ್ನು ಹಿಡಿದುಕೊಂಡಳು. ಇಸ್ತ್ರಿಯ ಶಾಖಕ್ಕೆ ಒಗ್ಗಿ ಒಗ್ಗಿ ಅಂಗೈ ಚರ್ಮಕ್ಕೆ ಹೊಳಪು ಬಂದಿತ್ತು. "ನೀನು ಒಂದ್ಸಲ ಬಾಮ್ಮ. ಬಂದೆ ಅನ್ನು. ಸಾಕು."

ಅಮ್ಮ ಮೂಗು ಒರೆಸಿಕೊಂಡಳು.

"ನಾನೊಬ್ಳೇನಾ ಹೇಳಿದ್ದು? ಪಾಳಿಗೆ ಪಾಳಿನೇ ಹೇಳಿತ್ತು. ನಾನೊಬ್ಳು ಹೋದ್ರೆ ಮಿಕ್ಕೋರ ದಾರಿ ಕಾಯ್ತಾ ಅಲ್ಲೇ ಕೂರತ್ತೆ ಅದು." ಎದ್ದು ಶಾಲು ಹೊದ್ದಳು. "ಗಂಜಿಯಕ್ಕ ಈಗ ಎಲ್ಲಿದಾಳೆ? ಗುಂಡಿ ಹೊಲಿಯೋ ಅಂಗಡೀಲೇ ಇದಾಳಾ?"

ಅಷ್ಟು ತಿಂಗಳ ಮೇಲೆ ಅಮ್ಮ ಮೆಟ್ಟಿಲಿಳಿದಳು. ಮಂಡಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಮ್ಯಾನೇಜರನ ವಂಶವನ್ನು ಒಂದೊಂದು ಮಾತಲ್ಲಿ ನೆನೆಯುತ್ತ.

*

ಮರುದಿನ ನಡುಹಗಲು ಗೇಟಿಗೆ ಬಂದ ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ಸರಿದ. ಕಂಬಿಯಾಚೆ ಇಡೀ ಬೀದಿ ಹೆಂಗಸರು. ಒಬ್ಬಳು ಹೋಟೆಲಿನ ಪಾತ್ರೆ ತೊಳೆಯುವುದನ್ನು ಬಿಟ್ಟು ಒದ್ದೆ ಕೈಯಲ್ಲೇ ಬಂದಿದ್ದಳು. ಒಬ್ಬಳ ಕಂಕುಳಲ್ಲಿ ಕೂಸು. ಮುಂದೆ ನಿಂತಿದ್ದವಳು ಗಂಜಿಯಕ್ಕ. ಬಟ್ಟೆಗೆ ಗಂಜಿ ಹಾಕುವ ವಿಭಾಗದವಳು, ಸ್ವಭಾವವೂ ಹಾಗೇ ಗರಿಗರಿ.

"ಏನಿದು? ಗಲಾಟೆ ಮಾಡಿದ್ರೆ ಪೊಲೀಸ್ ಕರೀತೀನಿ."

"ಗಲಾಟೆ ಇಲ್ಲ ಸಾರ್," ಅಂದಳು ಮೂಸಿ. "ಬೆಚ್ಚ ಸಾಗಿಸ್ಬೇಕು. ಸಾಗಿಸೋಕೆ ಬಂದೋರನ್ನ ಸಹಾಯಕರ ಸಮೇತ ಒಳಗೆ ಬಿಡ್ಬೇಕು ಅಂತ ಕಾನೂನಿದೆ. ಇವ್ರು ನನ್ನ ಸಹಾಯಕರು."

"ಸಹಾಯಕರು ಅಂದ್ರೆ ಒಬ್ರು ಇಬ್ರು ಕಣಮ್ಮ!"

"ಎಷ್ಟು ಅಂತ ಬರೆದಿಲ್ಲ ಸಾರ್. ಬರೆದೋರು ಮರೆತಿರಬೇಕು."

"ಇಷ್ಟೇ ಇಷ್ಟು ಹಬೆ ಹಿಡಿಯೋಕೆ ಇಷ್ಟು ಜನವಾ?"

"ಅಷ್ಟು ದೊಡ್ಡ ಗೇಟ್ ಮುಚ್ಚೋಕೆ ನಿಮಗೆ ಎಷ್ಟು ಜನ ಬೇಕಾಯ್ತು ಸಾರ್?" ಗಂಜಿಯಕ್ಕ ಕೇಳಿದಳು. "ಒಬ್ರೇ ಸಾಕಾಯ್ತಲ್ವಾ? ತೆಗೆಯೋಕೆ ನೋಡಿ, ಎಷ್ಟು ಜನ ಬೇಕು."

ಮ್ಯಾನೇಜರನ ಕಣ್ಣು ಅಮ್ಮನ ಮೇಲೆ ಬಿತ್ತು. "ನೀನು... ಇಸ್ತ್ರಿಯವಳಲ್ವಾ?"

"ಹೌದು ಸಾರ್. ನಿಮ್ಮ ಕಾಲರ್ ನೋಡಿದ್ರೆ ಹೊಟ್ಟೆ ಉರಿಯತ್ತೆ. ಯಾರು ಮಾಡ್ತಾರೆ ಈಗ? ನಾಯಿ ಅಗಿದ ಹಾಗಿದೆ."

ಹಿಂದಿನಿಂದ ನಗು ಹರಡಿತು. ಮ್ಯಾನೇಜರ್ ಕಾಲರ್ ಮುಟ್ಟಿಕೊಂಡ. ಅದೇ ಕೈ ಸೊಂಟಕ್ಕೆ ಇಳಿಯಿತು. ಚಳಿಗಾಲವೆಲ್ಲ ತೆರೆಯದ ದೊಡ್ಡ ಗೇಟಿನ ಬೀಗ ತುಕ್ಕು ಹಿಡಿದಿತ್ತು. ತೆಗೆಯಲು ಅವನು ತಿಣುಕುವುದನ್ನು ಎಲ್ಲರೂ ಸದ್ದಿಲ್ಲದೆ ನೋಡಿದರು. ಯಾರೂ ಕೈ ಕೊಡಲಿಲ್ಲ.

ಬಾಯ್ಲರ್ ಕೋಣೆ ತುಂಬಿತು. ಧೂಳು ಹಿಡಿದ ಮೊಳೆಗಳು, ಅವರವರ ಏಪ್ರನ್ನುಗಳು. ಸಂದಿಯ ಬಾಯಲ್ಲಿ ಬೆಚ್ಚ ಮುಷ್ಟಿಯಷ್ಟಾಗಿ ಮುದುರಿಕೊಂಡಿತ್ತು. ಅದರ ಕೆಳಗೆ ಇಟ್ಟಿಗೆ ಒದ್ದೆಯಾಗಿತ್ತು. ಮೂಸಿ ಬಗ್ಗಿ ಮುಟ್ಟಿ ನೋಡಿದಳು. ನೀರಾಗಲು ಶುರುವಾಗಿದೆ.

ಅಮ್ಮ ಮಂಡಿಯೂರಿದಳು. ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದುಕೊಂಡು ಬಂದಿದ್ದಳು, ಬೀಗದ ಬಗ್ಗೆ, ಕಂಬಿಯ ಬಗ್ಗೆ, ತನ್ನ ತಪ್ಪಿಲ್ಲವೆಂಬ ಬಗ್ಗೆ. ಬಾಯಿಗೆ ಬಂದದ್ದು ಒಂದೇ.

"ಬಂದೆ ಕಣೋ."

ಒಂದು ಕಿವಿ ಅಲ್ಲಾಡಿತು.

"ತಡ ಆಯ್ತು. ಬಂದೆ."

ಬೆಚ್ಚ ಕಣ್ಣು ತೆರೆಯಿತು. ಗಂಜಿಯಕ್ಕ ಬಗ್ಗಿ, "ನಾನೂ ಬಂದೆ ಸೋಮಾರಿ. ಏಪ್ರನ್ ಒಣಗ್ತಾ?" ಅಂದಳು; ಗರಿಗರಿ ಹೆಂಗಸಿನ ದನಿ ಅಲ್ಲಿಗೆ ಮೆತ್ತಗಾಯಿತು. ಆಮೇಲೆ ಒಬ್ಬೊಬ್ಬಳೇ. ಬಂದೆ ಮರಿ. ಬಂದೆ ಕಣೋ. ನೋಡು ಇವನನ್ನ, ಹೊಟ್ಟೇಲಿದ್ದಾಗ ಬರ್ತೀನಿ ಅಂದಿದ್ದೆ, ಈಗ ಎತ್ಕೊಂಡು ಬಂದೆ. ಒಂದೊಂದು ಮಾತಿಗೂ ಒಂದು ಸಣ್ಣ ಬಿಸಿ ನಿಟ್ಟುಸಿರು. ಹೋಟೆಲಿನವಳ ಒದ್ದೆ ಕೈಗಳನ್ನು ಅದು ಅಲ್ಲೇ ಒಣಗಿಸಿತು. ಕಣ್ಣಿನ ಕೆಂಡ ಗಾಳಿ ಊದಿದ ಹಾಗೆ ಚುರುಕಾಯಿತು. ತನ್ನಷ್ಟಕ್ಕೆ ನಡೆದು ಬುಟ್ಟಿಯ ಅಂಚಿಗೆ ಬಂತು.

ಅಲ್ಲಿ ನಿಂತಿತು. ಗೋಡೆಯ ಕಡೆ ನೋಡಿತು.

ಅಲ್ಲೊಂದು ಏಪ್ರನ್ ಹಾಗೇ ನೇತಾಡುತ್ತಿತ್ತು. ಮಿಕ್ಕೆಲ್ಲವನ್ನೂ ಒಡತಿಯರು ಎತ್ತಿಕೊಂಡಾಗಿತ್ತು. ಇದರ ಅಂಚಿನಲ್ಲಿ ನೀಲಿ ಕಲೆ. ಬಿಳಿ ಬಟ್ಟೆಗೆ ನೀಲಿ ಹಾಕುತ್ತಿದ್ದ ನೀಲಿಯಜ್ಜಿಯದು. ಊರಲ್ಲೆಲ್ಲ ಅವಳ ಬೆರಳಷ್ಟು ನೀಲಿ ಬೆರಳು ಇನ್ನೊಬ್ಬರಿಗಿರಲಿಲ್ಲ. ಬೀಗ ಬಿದ್ದ ಮೇಲೆ ಈ ಚಳಿಗಾಲದಲ್ಲೇ ತೀರಿಕೊಂಡಿದ್ದಳು.

ಗಂಜಿಯಕ್ಕ ಪಿಸುಗುಟ್ಟಿದಳು, "ಯಾರಾದ್ರೂ ಅಜ್ಜಿ ಥರ 'ಬಂದೆ' ಅಂದ್ಬಿಡ್ರೇ."

"ಬೇಡ," ಅಂದಳು ಅಮ್ಮ. "ಅದಕ್ಕೆ ಇನ್ನೊಂದು ಸುಳ್ಳು ಬೇಡ."

ಹಿಂದಿನಿಂದ ನೀಲಿಯಜ್ಜಿಯ ಸೊಸೆ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಅತ್ತೆ ಸೊಸೆ ಒಂದೇ ತೊಟ್ಟಿಯ ಎದುರು ನಿಂತು ಕೆಲಸ ಮಾಡಿದವರು, ಇಡೀ ದಿನ ಜಗಳವಾಡಿಕೊಂಡೇ. ಅವಳು ಏಪ್ರನ್ನನ್ನು ಮೊಳೆಯಿಂದ ತೆಗೆದು, ಬೆಚ್ಚದ ಎದುರು ಕೂತು, ಮಡಿಲಲ್ಲಿ ಇಟ್ಟುಕೊಂಡಳು.

"ಅತ್ತೆ ಬರಲ್ಲ ಕಣೋ," ಅಂದಳು. "ಅತ್ತೆ ಹೋದ್ರು."

ಈ ನುಡಿಯಲ್ಲಿ ಬರುವ ಮಾತಿಲ್ಲದೆ ಬರೀ ಹೋಗುವ ಮಾತನ್ನು ಹೀಗೆ ಆಡುವುದು ಒಂದೇ ಸಂದರ್ಭಕ್ಕೆ. ಬೆಚ್ಚಕ್ಕೆ ಅದೂ ಗೊತ್ತಿತ್ತು. ಈ ಕೋಣೆಯಲ್ಲಿ ಎಷ್ಟೋ ಸಲ ಕೇಳಿತ್ತು, ಒಬ್ಬರು ಇನ್ನೊಬ್ಬರ ಹೆಗಲಿಗೆ ಒರಗಿ 'ಹೋದ್ರು ಕಣೇ' ಅನ್ನುವುದನ್ನು. ಆ ಮಾತಿನ ಬೆನ್ನಿಗೇ ಏಪ್ರನ್ನಿನ ತುದಿ ಒದ್ದೆಯಾಗುವುದನ್ನು. ಆ ಒದ್ದೆಯ ಉಪ್ಪನ್ನು ಅದು ಕುಡಿದು ಬಲ್ಲದು.

ಅದು ಬುಟ್ಟಿಯ ಅಂಚು ಬಿಟ್ಟು ಸೊಸೆಯ ಮಡಿಲೇರಿತು. ನೀಲಿ ಕಲೆಯ ಮೇಲೆ ಒಂದು ಗಳಿಗೆ ಕಿವಿಯಿಟ್ಟು ಮಲಗಿತು. ಆಮೇಲೆ ಮೇಲೆದ್ದು, ಅವಳ ಕೆನ್ನೆಗೆ ತನ್ನ ಮಂಜಿನಂಥ ಮುಖ ಹಚ್ಚಿ, ಕಣ್ಣೀರನ್ನು ನಿಧಾನವಾಗಿ, ಒಂದು ಹನಿಯೂ ಬಿಡದೆ ಒಣಗಿಸಿತು.

"ಬೆಚ್ಚಗಿದೆ," ಅಂದಳು ಸೊಸೆ, ಮಗುವಿನ ದನಿಯಲ್ಲಿ.

ಅವಳೇ ಏಪ್ರನ್ನನ್ನು ಬುಟ್ಟಿಯಲ್ಲಿ ಹಾಸಿದಳು. ಬೆಚ್ಚ ಅದರ ಮೇಲೆ ಹತ್ತಿ, ಸುತ್ತು ಹಾಕಿ, ಮಲಗಿತು. ಇನ್ನು ಗೇಟಿನ ಕಡೆ ನೋಡಲಿಲ್ಲ.

ಎಲ್ಲರೂ ಹೊರಗೆ ಹೋಗುವಾಗ ಗೇಟಿನಲ್ಲಿ ಮ್ಯಾನೇಜರ್ ಬೀಗ ಹಿಡಿದು ನಿಂತಿದ್ದ. "ಮುಗೀತಲ್ಲ? ಸರಿ ಹಾಗಾದ್ರೆ," ಅಂದ, ಮುಖದಲ್ಲಿ ನಿರಾಳ.

ಗಂಜಿಯಕ್ಕ ನಿಂತಳು. ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಬರ್ತೀವಿ ಸಾರ್," ಅಂದಳು.

ಅವನು ವಾಡಿಕೆಯಂತೆ ತಲೆಯಾಡಿಸಿದ. ಹಿಂದಿನವಳೂ ಅಂದಳು, ಬರ್ತೀವಿ. ಅವಳ ಹಿಂದಿನವಳೂ. ಬುಟ್ಟಿ ಹೊತ್ತು ಸಾಲಾಗಿ ಹೊರಟ ಪ್ರತಿಯೊಬ್ಬಳೂ ಅವನ ಕಣ್ಣಲ್ಲಿ ಕಣ್ಣಿಟ್ಟು ಅದೇ ಮಾತನ್ನು ಹೇಳಿದಳು, ಮೆತ್ತಗೆ, ಮರ್ಯಾದೆಯಿಂದ. ಸಾಲು ಅರ್ಧಕ್ಕೆ ಬರುವಾಗ ಅವನ ತಲೆಯಾಡುವುದು ನಿಂತಿತು. ಮಾತಿನ ಅರ್ಥ ಈಗ ಹೊಳೆದಿತ್ತು. ಅಂದು ಬೆಚ್ಚಿಬಿದ್ದವನು ಅವನೊಬ್ಬನೇ.

*

ಬೇಕರಿಯ ಒಲೆಯ ಹಿಂದೆ ಮೂಸಿ ಜಾಗ ನೋಡಿಟ್ಟಿದ್ದಳು. ಬೇಕರಿಯಣ್ಣನಿಗೆ ಒಂದೇ ಅನುಮಾನ. "ನನ್ನ ಬ್ರೆಡ್ಡೆಲ್ಲ ಒಣಗಿಸಿ ಕಲ್ಲು ಮಾಡಲ್ಲ ತಾನೆ?"

"ನಿನ್ನ ಬ್ರೆಡ್ಡಿಗೆ ಅದರ ಸಹಾಯ ಬೇಕಾ?" ಅಂದಳು ಗಂಜಿಯಕ್ಕ.

ಒಲೆಯ ಬಿಸಿಗೆ ಬೆಚ್ಚ ನೋಡನೋಡುತ್ತಲೇ ಉಬ್ಬಿತು. ಮುಷ್ಟಿಯಿಂದ ದಿಂಬಿಗೆ, ದಿಂಬಿನಿಂದ ಇನ್ನೂ ಸ್ವಲ್ಪ ದೊಡ್ಡದಕ್ಕೆ. ಇಟ್ಟಿಗೆಯ ಸಂದಿಗೆ ಇಳಿದು, ಹೊಸ ಮನೆಯಿಂದ ಕಣ್ಣು ಹೊರಹಾಕಿ ಎಲ್ಲರನ್ನೂ ನೋಡಿತು.

ಈಗ ಹೊರಡಬೇಕು. ಯಾರೂ ಹೊರಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಹೋಗ್ತೀನಿ' ಎನ್ನುವುದು ಯಾರ ಬಾಯಲ್ಲೂ ಬರುವ ಮಾತಲ್ಲ. ಇನ್ನೊಂದು ಮಾತನ್ನು ಸುಮ್ಮನೆ ಆಡುವ ಹಾಗಿಲ್ಲ. ಗಂಜಿಯಕ್ಕ ಕೆಮ್ಮಿದಳು, ಹೋಟೆಲಿನವಳು ಹಿಂದೆ ಹಿಂದೆ ಸರಿದು ತಲೆಯಾಡಿಸಿ ಜಾರಿಕೊಂಡಳು, ಸೊಸೆ ಸುಮ್ಮನೆ ಕೈ ಬೀಸಿದಳು. ಜೀವಮಾನವೆಲ್ಲ ಲೆಕ್ಕವಿಲ್ಲದೆ ಚೆಲ್ಲಿದ ಮಾತನ್ನು ಎಲ್ಲರೂ ಆ ಹೊತ್ತು ಬಾಯೊಳಗೇ ಹಿಡಿದುಕೊಂಡಿದ್ದರು.

ಕೊನೆಗೆ ಉಳಿದದ್ದು ಅಮ್ಮ ಮಗಳು.

"ನಡಿಯಮ್ಮ," ಅಂದಳು ಮೂಸಿ. "ಏನೂ ಹೇಳ್ಬೇಡ. ಸುಮ್ಮನೆ ಬಾ."

ಅಮ್ಮ ಎರಡು ಹೆಜ್ಜೆ ಇಟ್ಟಳು. ತಿರುಗಿ ನೋಡಿದಳು. ಸಂದಿಯಲ್ಲಿ ಎರಡು ಕಿವಿ ಕಾಣುತ್ತಿತ್ತು, ಇನ್ನೂ ನೆಟ್ಟಗಾಗಿರಲಿಲ್ಲ, ಬಿದ್ದಿರಲೂ ಇಲ್ಲ.

"ಬರ್ತೀನಿ ಕಣೋ," ಅಂದಳು ಅಮ್ಮ.

"ಅಮ್ಮಾ!"

"ಅಂದೆ. ಏನೀಗ?"

ಮರುದಿನ ಬೆಳಿಗ್ಗೆ ಮೂಸಿ ಎದ್ದಾಗ ಮಡಚಿದ ಪತ್ರಿಕೆಗಳೆಲ್ಲ ಬಿಚ್ಚಿಕೊಂಡು ಹರಡಿದ್ದವು. ಅಮ್ಮ ಮಂಚದ ಕೆಳಗೆ ತಲೆ ಹಾಕಿ ತಡಕಾಡುತ್ತಿದ್ದಳು.

"ಏನು ಹುಡುಕ್ತಿದೀಯಾ?"

"ನನ್ನ ಇನ್ನೊಂದು ಚಪ್ಪಲಿ ಎಲ್ಲೇ? ಹೊತ್ತಾಯ್ತು."

"ಮಂಡಿ ನೋವು ಅಂತಿದ್ದೆ ನಿನ್ನೆ. ಇವತ್ತೊಂದು ದಿನ ಬಿಡಮ್ಮ, ನಾನೇ ಹೋಗಿ ನೋಡ್ಕೊಂಡು ಬರ್ತೀನಿ."

"ನೀನು ಅಂದಿದ್ದಾ, ನಾನು ಅಂದಿದ್ದಾ?"

ಚಪ್ಪಲಿ ಸಿಕ್ಕಿತು. ಕೈಯಲ್ಲಿ ಒಂದು ಒದ್ದೆ ಟವೆಲ್ಲು, ಗಂಟು ಕಟ್ಟಿಕೊಂಡದ್ದು. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುತ್ತ, ತಿರುಗಿ ನೋಡದೆಯೇ, ಅಮ್ಮ ಮೇಲಕ್ಕೆ ಕೂಗಿ ಹೇಳಿದಳು, "ಬರ್ತೀನಿ ಕಣೇ."

ಮೂಸಿ ಆ ಬೆಳಿಗ್ಗೆ ಕಚೇರಿಗೆ ಹೊತ್ತಾದರೂ ಹೊರಡಲಿಲ್ಲ. ಮನೆಯ ಬಾಗಿಲು ತೆರೆದಿಟ್ಟು ಕೂತಳು. ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಸದ್ದು ಕೇಳಿದಾಗ ಎದ್ದು ನಿಂತು, ದಿನವೂ ಅಮ್ಮ ಕೇಳುವ ಮಾತನ್ನು ಮೊದಲ ಸಲ ತಾನು ಕೇಳಿದಳು.

"ಬಂದ್ಯಾ?"